ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಬರುವ ತಾಯಿ

ಕೋಲ್ಕತ್ತದ ದುರ್ಗಾಪೂಜೆ ಎಂದರೆ ಬೆಳಕಿನ ಪೆಂಡಾಲು, ಆಳೆತ್ತರದ ಮೂರ್ತಿ, ಇರುಳಿಡೀ ಜನ. ಆದರೆ ದೇವಿ ಮೊದಲು ಬಂದಿಳಿಯುವುದು ಮೂರ್ತಿಗಲ್ಲ. ಒಂದು ಬಿಲ್ವದ ಕೊಂಬೆಗೆ, ಒಂದು ಮಣ್ಣಿನ ಕೊಡಕ್ಕೆ, ಸೀರೆ ಉಟ್ಟ ಒಂದು ಬಾಳೆಗಿಡಕ್ಕೆ. ಷಷ್ಠಿಯ ಸಂಜೆಯಿಂದ ಸಪ್ತಮಿಯ ಬೆಳಗಿನವರೆಗೆ ನಡೆಯುವ ಈ ಬರಮಾಡಿಕೊಳ್ಳುವಿಕೆಯಲ್ಲೇ ಹಬ್ಬದ ಜೀವವಿದೆ!

ಸಪ್ತಮಿಯ ನಸುಕು. ಕೋಲ್ಕತ್ತದ ಬಾಗ್‌ಬಜಾರ್ ಘಾಟಿನ ಮೆಟ್ಟಿಲುಗಳು ಇನ್ನೂ ಸರಿಯಾಗಿ ಕಾಣಿಸುತ್ತಿಲ್ಲ. ಬೀದಿಯ ತುದಿಯಲ್ಲಿ ಢಾಕ್ ಮೊಳಗುತ್ತದೆ. ಹೆಗಲಿಗೆ ನೇತುಹಾಕಿದ ಆ ದೊಡ್ಡ ವಾದ್ಯಕ್ಕೆ ಕಟ್ಟಿದ ಬಿಳಿ ಗರಿಯ ಕುಚ್ಚು ಪೆಟ್ಟು ಬಿದ್ದಾಗಲೆಲ್ಲ ಅಲುಗುತ್ತದೆ. ಹಿಂದೆಯೇ ಜಾಗಟೆ, ಶಂಖ, ಹೆಂಗಸರು ನಾಲಗೆ ಹೊರಳಿಸಿ ಹಾಕುವ ಉಲು ದನಿ. ಇವರೆಲ್ಲರ ನಡುವೆ ಪುರೋಹಿತರ ಹೆಗಲ ಮೇಲೆ ಒಂದು ಬಾಳೆಗಿಡ. ಗಿಡಕ್ಕೆ ಬಿಸಿಲು ತಾಗದಂತೆ ಇನ್ನೊಬ್ಬರು ಕೊಡೆ ಹಿಡಿದಿದ್ದಾರೆ. ಬಿಸಿಲೇ ಹುಟ್ಟಿಲ್ಲ, ಆದರೂ ಕೊಡೆ ಬೇಕು. ಬರುತ್ತಿರುವವಳು ಅಂಥವಳು.

ಬೇರುಸಹಿತ ಕಿತ್ತ ಎಳೆಬಾಳೆ ಅದು. ಬಾಳೆಎಲೆಗಳ ಸಂದಿಯಲ್ಲಿ ಅರಿಶಿನದ ಎಲೆ, ಕೆಸುವಿನ ಎಲೆ, ಭತ್ತದ ತೆನೆ ಇಣುಕುತ್ತವೆ. ನದಿಗೆ ಇಳಿಸಿ ಮುಳುಗಿಸಿ ಎತ್ತುತ್ತಾರೆ. ನೀರು ಸುರಿಯುತ್ತಿರುವ ಗಿಡಕ್ಕೆ ಕೆಂಪು ಅಂಚಿನ ಬಿಳಿ ಸೀರೆ ಉಡಿಸುತ್ತಾರೆ. ಬಾಗಿದ ಎಲೆಯ ಮೇಲೆ ಸೆರಗೆಳೆದು ಸಿಂಧೂರ ಇಟ್ಟರೆ ಸಾಕು, ಮುಸುಕಿನಲ್ಲಿ ತಲೆ ತಗ್ಗಿಸಿ ನಿಂತ ಹೆಣ್ಣುಮಗಳು ಕಣ್ಣೆದುರು ನಿಲ್ಲುತ್ತಾಳೆ.

ಬಂಗಾಳಿಗಳು ಇವಳನ್ನು ‘ಕೊಲಾ ಬೌ’ ಅಂದರೆ ಬಾಳೆ ಸೊಸೆ ಎಂದು ಕರೆಯುತ್ತಾರೆ. ಪೆಂಡಾಲಿನಲ್ಲಿ ಗಣೇಶನ ಬಲಕ್ಕೆ ನಿಲ್ಲಿಸುವುದರಿಂದ ಗಣೇಶನ ಹೆಂಡತಿ ಎಂದೇ ಜನರ ನಂಬಿಕೆ. ಪೂಜಾಪದ್ಧತಿಗಳು ಹೇಳುವುದು ಬೇರೆ. ಈ ಗಿಡವೇ ದುರ್ಗೆ. ಗಣೇಶನಿಗೆ ಇವಳು ಹೆಂಡತಿಯಲ್ಲ, ತಾಯಿ.

ಮೂರ್ತಿ ಮಾಡುವವರ ಕೇರಿಯಾದ ಕುಮಾರಟೂಲಿಯ ಕುಶಲಿಗಳು ತಿಂಗಳುಗಟ್ಟಲೆ ದುಡಿದು ಮಾಡಿದ ಹತ್ತು ಕೈಯ ಮೂರ್ತಿ ಪೆಂಡಾಲಿನಲ್ಲಿ ಕಾಯುತ್ತಿದೆ. ಅದಕ್ಕಿನ್ನೂ ಪ್ರಾಣಪ್ರತಿಷ್ಠೆ ಆಗಿಲ್ಲ. ಗಿಡ ಒಳಗೆ ಬರಬೇಕು, ಆಮೇಲೆಯೇ ಮೂರ್ತಿಗೆ ಜೀವ. ದುರ್ಗಾಪೂಜೆಯನ್ನು ವರ್ಷವರ್ಷವೂ ಟಿ.ವಿಯಲ್ಲಿ ನೋಡುವ ನಮಗೆ ಈ ಕ್ರಮ ಕಾಣುವುದೇ ಇಲ್ಲ. ಕ್ಯಾಮೆರಾ ಸಂಜೆಯ ದೀಪಗಳತ್ತ ತಿರುಗಿರುತ್ತದೆ. ದೇವಿ ಬರುವುದು ಬೆಳಗಿನ ಜಾವಕ್ಕೆ, ನದಿಯ ಕಡೆಯಿಂದ.

ನಸುಕಿನ ನಾಲ್ಕು ಗಂಟೆ

ಬರುವ ಸುದ್ದಿ ಮಾತ್ರ ವಾರದ ಮೊದಲೇ ಮುಟ್ಟಿರುತ್ತದೆ. ಮಹಾಲಯ ಅಮಾವಾಸ್ಯೆ ನಮಗೆ ಪಿತೃಪಕ್ಷದ ಕೊನೆಯ ದಿನ. ಬಂಗಾಳಕ್ಕೂ ಹಾಗೆಯೇ. ಅಂದು ಗಂಗೆಯ ಘಾಟುಗಳಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ತರ್ಪಣ ಬಿಡುತ್ತಾರೆ. ಆದರೆ ಅದಕ್ಕೂ ಮುಂಚೆ, ಬೆಳಗಿನ ಜಾವ ನಾಲ್ಕಕ್ಕೆ, ಮನೆಮನೆಯಲ್ಲೂ ರೇಡಿಯೊ ಹಾಡತೊಡಗುತ್ತದೆ.

‘ಮಹಿಷಾಸುರಮರ್ದಿನಿ’ ಎಂಬ ಆ ಕಾರ್ಯಕ್ರಮ 1930ರ ದಶಕದ ಆರಂಭದಿಂದಲೂ ಪ್ರಸಾರವಾಗುತ್ತಿದೆ. ಬಾಣೀಕುಮಾರರ ರಚನೆ, ಪಂಕಜ್ ಮಲ್ಲಿಕ್ ಸಂಗೀತ, ಬೀರೇಂದ್ರಕೃಷ್ಣ ಭದ್ರರ ಚಂಡೀಪಾಠ. 1976ರಲ್ಲಿ ಆಕಾಶವಾಣಿ ಭದ್ರರನ್ನು ಬಿಟ್ಟು ಬಂಗಾಳದ ಅತಿ ದೊಡ್ಡ ಸಿನಿಮಾ ತಾರೆ ಉತ್ತಮ್ ಕುಮಾರ್ ಅವರ ದನಿಯಲ್ಲಿ ಹೊಸ ಕಾರ್ಯಕ್ರಮ ಮಾಡಿತು. ಕೇಳುಗರು ಸಿಡಿದೆದ್ದರು. ಅದೇ ವರ್ಷ ಷಷ್ಠಿಯಂದು ಭದ್ರರ ಪಾಠವನ್ನೇ ಮತ್ತೆ ಹಾಕಬೇಕಾಯಿತು. ಉತ್ತಮ್ ಕುಮಾರರ ಮೇಲೆ ಜನರಿಗೆ ಪ್ರೀತಿ ಕಡಿಮೆ ಏನಿರಲಿಲ್ಲ. ದೇವಿಯನ್ನು ಕರೆಯುವ ದನಿ ಬದಲಾಗಬಾರದು, ಅಷ್ಟೇ.

ಅದೇ ಮಹಾಲಯದಂದು ಕುಮಾರಟೂಲಿಯಲ್ಲಿ ಮೂರ್ತಿಗೆ ಕಣ್ಣು ಬರೆಯುವ ರೂಢಿಯಿದೆ. ರಥಯಾತ್ರೆಯ ದಿನ ಬಿದಿರು ಮರದ ಚೌಕಟ್ಟಿಗೆ ಪೂಜೆ ಮಾಡಿ ಶುರುಮಾಡಿದ ಕೆಲಸ ಇಲ್ಲಿಗೆ ಮುಗಿಯುವ ಹಂತಕ್ಕೆ ಬರುತ್ತದೆ. ಹುಲ್ಲು ಸುತ್ತಿ, ಗಂಗೆಯ ಅಂಟುಮಣ್ಣು ಮೆತ್ತಿ, ಒಣಗಿಸಿ, ಬಣ್ಣ ಹಚ್ಚಿದ ಮೇಲೆ ಹಿರಿಯ ಕುಶಲಿ ಕುಂಚ ಹಿಡಿಯುತ್ತಾನೆ.

ರಾಮ ಎಬ್ಬಿಸಿದ ದೇವಿ

ಕಣ್ಣು ಬರೆದಾಯಿತು. ಆದರೆ ದೇವಿ ಇನ್ನೂ ನಿದ್ದೆಯಲ್ಲಿದ್ದಾಳೆ.

ಶಾಸ್ತ್ರದ ಲೆಕ್ಕದಲ್ಲಿ ಉತ್ತರಾಯಣ ದೇವತೆಗಳ ಹಗಲು, ದಕ್ಷಿಣಾಯನ ಅವರ ರಾತ್ರಿ. ಆಶ್ವಯುಜ ಬರುವುದು ಆ ರಾತ್ರಿಯ ನಡುವೆ. ದೇವಿಯ ಪೂಜೆಗೆ ಸರಿಯಾದ ಹೊತ್ತು ಚೈತ್ರ. ದೇವೀಮಾಹಾತ್ಮ್ಯೆಯಲ್ಲಿ ರಾಜ್ಯ ಕಳೆದುಕೊಂಡ ಸುರಥ ಮಹಾರಾಜ, ಮನೆಯವರಿಂದಲೇ ಹೊರದೂಡಿಸಿಕೊಂಡ ಸಮಾಧಿ ಎಂಬ ವೈಶ್ಯ ನದೀತೀರದಲ್ಲಿ ಮಣ್ಣಿನ ಮೂರ್ತಿ ಮಾಡಿ ದೇವಿಯನ್ನು ಒಲಿಸಿಕೊಳ್ಳುತ್ತಾರಲ್ಲ, ಅದು ವಸಂತದಲ್ಲಿ ಎಂದು ಬಂಗಾಳ ನಂಬುತ್ತದೆ. ಆ ‘ಬಾಸಂತಿ ಪೂಜೆ’ ಈಗಲೂ ಅಲ್ಲಿ ಕೆಲವು ಮನೆಗಳಲ್ಲಿ ನಡೆಯುತ್ತದೆ. ಇದೇ ಸುರಥನ ಕಥೆಯನ್ನು ನಮ್ಮ ಉತ್ತರ ಕರ್ನಾಟಕದ ಊರುಗಳು ನವರಾತ್ರಿಯಲ್ಲಿ ಚಿದಾನಂದಾವಧೂತರ ದೇವೀಪುರಾಣ ಹಚ್ಚಿಸಿ ಒಂಬತ್ತು ರಾತ್ರಿ ಕೇಳುತ್ತವೆ.

ಹಾಗಾದರೆ ವಸಂತದ ಪೂಜೆಯನ್ನು ಹಿಂದಿಕ್ಕಿ ಶರತ್ಕಾಲದ ಪೂಜೆ ಮುಂದೆ ಬಂದದ್ದು ಹೇಗೆ? ಇದಕ್ಕೆ ಉತ್ತರ ರಾಮ.

ಹದಿನೈದನೇ ಶತಮಾನದ ಕವಿ ಕೃತ್ತಿವಾಸ ಬಂಗಾಳಿಯಲ್ಲಿ ರಾಮಾಯಣ ಬರೆದ. ಅಲ್ಲಿ ರಾವಣ ದೇವಿಯ ಕೃಪೆಯಿಂದ ಸೋಲಿಲ್ಲದವನಾಗಿರುತ್ತಾನೆ. ಅವಳ ಒಲವು ಪಡೆಯದೆ ಗೆಲುವಿಲ್ಲ ಎಂದು ರಾಮನಿಗೆ ತಿಳಿಯುತ್ತದೆ. ವಸಂತದವರೆಗೆ ಕಾಯಲು ಯುದ್ಧ ಬಿಡದು. ಅವಳನ್ನು ಹೊತ್ತಲ್ಲದ ಹೊತ್ತಿನಲ್ಲೇ ಎಬ್ಬಿಸಲು ಅವನು ಪೂಜೆಗೆ ಕೂರುತ್ತಾನೆ. ನೂರೆಂಟು ನೀಲಿ ತಾವರೆಗಳ ಸಂಕಲ್ಪ. ಹನುಮಂತ ಹೂ ತರುತ್ತಾನೆ. ಪರೀಕ್ಷಿಸಲೆಂದು ದೇವಿಯೇ ಒಂದು ಹೂವನ್ನು ಅಡಗಿಸುತ್ತಾಳೆ. ಎಣಿಸಿದರೆ ನೂರೇಳು. ತನ್ನ ಕಣ್ಣನ್ನು ಲೋಕವೆಲ್ಲ ನೀಲಕಮಲವೆಂದು ಹೊಗಳುತ್ತದಲ್ಲವೇ, ಅದನ್ನೇ ಕೊಡುತ್ತೇನೆ ಎಂದು ರಾಮ ಬಾಣ ಎತ್ತುತ್ತಾನೆ. ದೇವಿ ಕೈ ಹಿಡಿಯುತ್ತಾಳೆ.

ವಾಲ್ಮೀಕಿಯಲ್ಲಿ ಈ ಪ್ರಸಂಗವಿಲ್ಲ. ಅಲ್ಲಿ ದಣಿದ ರಾಮನಿಗೆ ಅಗಸ್ತ್ಯರು ಆದಿತ್ಯಹೃದಯ ಉಪದೇಶಿಸುತ್ತಾರೆ. ಆದರೆ ರಾಮನಿಗಾಗಿ ಬ್ರಹ್ಮ ದೇವಿಯನ್ನು ಅಕಾಲದಲ್ಲಿ ಎಬ್ಬಿಸಿದ ಮಾತು ಕಾಲಿಕಾ ಪುರಾಣದಲ್ಲಿದೆ. ಕೃತ್ತಿವಾಸ ಅದನ್ನು ಮನೆಮಾತಾಗಿಸಿದ. ಹಿಂದಿಯ ಕವಿ ನಿರಾಲಾ 1936ರಲ್ಲಿ ಬರೆದ ‘ರಾಮ್ ಕೀ ಶಕ್ತಿಪೂಜಾ’ ಕವನಕ್ಕೂ ಈ ಪ್ರಸಂಗವೇ ಬೆನ್ನೆಲುಬು.

ಶರತ್ಕಾಲದ ಈ ಎಬ್ಬಿಸುವಿಕೆಗೆ ‘ಅಕಾಲ ಬೋಧನ’ ಎಂಬ ಹೆಸರು ಬಂದದ್ದು ಹೀಗೆ. ಹಬ್ಬದ ಮೊದಲ ಕ್ರಿಯೆಗೆ ಇಷ್ಟೊಂದು ಮರ್ಯಾದೆ ಏಕೆಂದೂ ಇದರಿಂದ ತಿಳಿಯುತ್ತದೆ. ಮಲಗಿದವಳನ್ನು ಎಬ್ಬಿಸುತ್ತಿದ್ದೇವೆ. ಅದೂ ಅವಳ ಹೊತ್ತಿನಲ್ಲಲ್ಲ, ನಮ್ಮ ಕಷ್ಟದ ಹೊತ್ತಿನಲ್ಲಿ. ಹಾಗಿರುವಾಗ ದಡಬಡ ಮಾಡುವಂತಿಲ್ಲ.

ಬಿಲ್ವದ ಬುಡದಲ್ಲಿ

ಆಶ್ವಯುಜ ಶುದ್ಧ ಷಷ್ಠಿಯ ಸಂಜೆ. ಪೆಂಡಾಲಿನ ಮುಂಭಾಗದಲ್ಲಿ ಬಲ್ಬುಗಳ ಪರೀಕ್ಷೆ, ಮೈಕಿನ ಸದ್ದು. ಪುರೋಹಿತರು ಅಲ್ಲಿಲ್ಲ. ಅವರು ಬಿಲ್ವದ ಮರದ ಬುಡದಲ್ಲಿ ಕೂತಿದ್ದಾರೆ. ಮರವಿಲ್ಲದ ಕಡೆ ಬಿಲ್ವದ ದೊಡ್ಡ ಕೊಂಬೆಯೊಂದನ್ನು ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟಿರುತ್ತಾರೆ.

ಮುಂದೆ ಹಸಿಮಣ್ಣಿನ ಪೀಠ, ಅದರ ಮೇಲೆ ಐದು ಧಾನ್ಯ, ಧಾನ್ಯದ ಮೇಲೆ ನೀರು ತುಂಬಿದ ಘಟ. ಘಟದ ಮೈಮೇಲೆ ಸಿಂಧೂರದಲ್ಲಿ ಬರೆದ ಪುಟ್ಟ ಮಾನವಾಕೃತಿ. ಬಾಯಿಗೆ ಮಾವಿನ ಎಲೆ, ಅದರ ಮೇಲೆ ತೊಟ್ಟು ಬಿಡಿಸದ ಎಳನೀರು, ಎಳನೀರಿಗೆ ಹೊದಿಸಿದ ಗಮ್ಚಾ ಎಂಬ ಕೆಂಪು ಟವೆಲು. ನಾಲ್ಕು ಮೂಲೆಗೆ ಬಾಣದ ಕಡ್ಡಿ ಚುಚ್ಚಿ, ಕೆಂಪು ದಾರ ಸುತ್ತಿ ಆವರಣ ಮಾಡುತ್ತಾರೆ. ನಮ್ಮ ಕಲಶಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಆದರೆ ಬಾಣದ ಕಡ್ಡಿಗಳ ಕಾವಲು ಬಂಗಾಳದ್ದೇ.

ಇಲ್ಲಿ ಮೂರು ಕೆಲಸ ನಡೆಯುತ್ತವೆ: ಬೋಧನ, ಆಮಂತ್ರಣ, ಅಧಿವಾಸ. ಎಬ್ಬಿಸುವುದು, ಕರೆಯುವುದು, ಉಪಚರಿಸುವುದು. ಹದಿನಾರನೇ ಶತಮಾನದಲ್ಲಿ ನವದ್ವೀಪದ ಸ್ಮಾರ್ತ ಪಂಡಿತ ರಘುನಂದನ ಭಟ್ಟಾಚಾರ್ಯ ‘ದುರ್ಗಾಪೂಜಾತತ್ತ್ವ’ ಬರೆದು ಈ ಕಲಾಪಕ್ಕೆ ಒಂದು ಕಟ್ಟು ಹಾಕಿಕೊಟ್ಟ. ಕಾಲಿಕಾ ಪುರಾಣ, ದೇವೀ ಪುರಾಣ, ಬೃಹನ್ನಂದಿಕೇಶ್ವರ ಪುರಾಣ ಎಂದು ಮೂರು ಪದ್ಧತಿಗಳಿವೆ, ಮನೆತನಕ್ಕೊಂದರಂತೆ. ಶಿವನಿಗೆ ಪ್ರಿಯವಾದ ಬಿಲ್ವದಲ್ಲಿ ದೇವಿ ನೆಲೆಸಿರುತ್ತಾಳೆ ಎಂಬ ಭಾವನೆ ಮೂರಕ್ಕೂ ಸಮಾನ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆಮಂತ್ರಣದ ಮಂತ್ರ. ಪುರೋಹಿತ ಮಾತಾಡುವುದು ಮರದ ಜತೆ. ಪರ್ವತದಲ್ಲಿ ಹುಟ್ಟಿದ ನಿನ್ನನ್ನು ಕರೆಯಲು ಬಂದಿದ್ದೇನೆ ಎನ್ನುತ್ತಾನೆ. ನಾಳೆ ನಿನ್ನ ಕೊಂಬೆಯೊಂದನ್ನು ತೆಗೆದುಕೊಂಡು ದುರ್ಗೆಯನ್ನು ಪೂಜಿಸುತ್ತೇನೆ ಎಂದು ತಿಳಿಸುತ್ತಾನೆ. ಕಡಿಯುವಾಗ ಆಗುವ ನೋವನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬೇಡುತ್ತಾನೆ. ಇಷ್ಟೆಲ್ಲ ಹೇಳಿದ ಮೇಲೂ ಕೊಂಬೆಯನ್ನು ಅಂದೇ ಕಡಿಯುವಂತಿಲ್ಲ. ಒಂದು ರಾತ್ರಿ ಕಳೆಯಬೇಕು. ಸಪ್ತಮಿಯ ಬೆಳಗ್ಗೆ, ಜೋಡಿ ಕಾಯಿ ಬಿಟ್ಟ ಕೊಂಬೆ ನೋಡಿ ಕಡಿಯುತ್ತಾರೆ.

ಮರದಿಂದ ಒಂದು ಕೊಂಬೆ ಬೇಕಾದರೆ ಹಿಂದಿನ ದಿನವೇ ಹೋಗಿ ಕೇಳಬೇಕು ಎಂಬ ನಿಯಮ ಇಟ್ಟ ಹಿರಿಯರು ದೊಡ್ಡವರು. ಪರಿಸರದ ಬಗ್ಗೆ ನಾವೀಗ ಭಾಷಣ ಮಾಡುತ್ತೇವೆ. ಅವರು ಅದನ್ನು ಪೂಜೆಯ ವಿಧಿಯಾಗಿಯೇ ಬರೆದಿಟ್ಟಿದ್ದಾರೆ.

ಆಮೇಲೆ ಅಧಿವಾಸ. ನಮ್ಮ ದೇಗುಲಗಳ ಪ್ರತಿಷ್ಠಾಪನೆಯಲ್ಲಿ ಜಲಾಧಿವಾಸ, ಧಾನ್ಯಾಧಿವಾಸ ಎಂದು ಕೇಳಿರುತ್ತೀರಿ. ಬಂಗಾಳದ ಷಷ್ಠಿಯಲ್ಲಿ ಅದರ ರೂಪ ಬೇರೆ. ಒಂದು ತಟ್ಟೆಯಲ್ಲಿ ಮಣ್ಣು, ಗಂಧ, ಕಲ್ಲು, ಭತ್ತ, ಗರಿಕೆ, ಹೂ, ಹಣ್ಣು, ಮೊಸರು, ತುಪ್ಪ, ಸಿಂಧೂರ, ಶಂಖ, ಕಾಡಿಗೆ, ಗೋರೋಚನ, ಬಿಳಿ ಸಾಸಿವೆ, ಚಿನ್ನ, ಬೆಳ್ಳಿ, ತಾಮ್ರ, ದೀಪ, ಕನ್ನಡಿ. ಒಂದೊಂದನ್ನೇ ಎತ್ತಿ ಮಂತ್ರ ಹೇಳಿ ಘಟಕ್ಕೂ ಬಿಲ್ವಕ್ಕೂ ಮುಟ್ಟಿಸುತ್ತಾರೆ. ಬಂಗಾಳಿ ಮದುವೆಯಲ್ಲೂ ಅಧಿವಾಸ ಉಂಟು. ಮನೆಮಗಳಿಗೆ ಮಾಡುವ ಉಪಚಾರವೇ ದೇವಿಗೂ.

ಅಂದು ತಾಯಂದಿರು ಮಕ್ಕಳ ಹೆಸರಿನಲ್ಲಿ ದುರ್ಗಾಷಷ್ಠಿಯ ಉಪವಾಸ ಹಿಡಿದಿರುತ್ತಾರೆ. ಢಾಕ್ ಬಾರಿಸುವ ಢಾಕಿಗಳು ಹಳ್ಳಿಗಳಿಂದ ಬಂದು ಕೆಲವು ದಿನ ಸಿಯಾಲದಾ ರೈಲು ನಿಲ್ದಾಣದ ಎದುರು ಬೀಡುಬಿಟ್ಟು, ಕರೆದವರ ಜತೆ ಬೇರೆ ಬೇರೆ ಪೆಂಡಾಲು ಸೇರಿರುತ್ತಾರೆ. ಬೋಧನಕ್ಕೆ ಒಂದು ಬಗೆಯ ಪೆಟ್ಟು, ವಿಸರ್ಜನೆಗೆ ಇನ್ನೊಂದು. ಕೇಳಿ ಪಳಗಿದವರಿಗೆ ಮನೆಯೊಳಗೆ ಕೂತೇ ಪೂಜೆ ಎಲ್ಲಿಗೆ ಬಂತೆಂದು ಗೊತ್ತಾಗುತ್ತದೆ.

◼ ಯಾವುದರ ಮೇಲೆ ಬರುತ್ತಾಳೆ?

ದುರ್ಗೆಯ ವಾಹನ ಸಿಂಹ. ಆದರೆ ಭೂಮಿಗೆ ಬರುವ ಪಯಣಕ್ಕೆ ಬಂಗಾಳದ ಪಂಚಾಂಗ ವರ್ಷಕ್ಕೊಂದು ವಾಹನ ಹೇಳುತ್ತದೆ. ಸಪ್ತಮಿ ಯಾವ ವಾರ ಎನ್ನುವುದರ ಮೇಲೆ ಲೆಕ್ಕ. ಭಾನುವಾರ, ಸೋಮವಾರವಾದರೆ ಆನೆ. ಮಂಗಳವಾರ, ಶನಿವಾರವಾದರೆ ಕುದುರೆ. ಬುಧವಾರ ದೋಣಿ. ಗುರುವಾರ, ಶುಕ್ರವಾರ ಪಲ್ಲಕ್ಕಿ. ಆನೆ ಬಂದರೆ ಮಳೆ ಬೆಳೆ ಸಮೃದ್ಧಿ, ದೋಣಿಯಾದರೆ ಬೆಳೆಯ ಜತೆಗೆ ನೆರೆ, ಕುದುರೆಯಾದರೆ ಅಲ್ಲೋಲಕಲ್ಲೋಲ, ಪಲ್ಲಕ್ಕಿಯಾದರೆ ರೋಗರುಜಿನ ಎಂಬುದು ನಂಬಿಕೆ. ಮರಳಿ ಹೋಗುವ ವಾಹನವನ್ನು ದಶಮಿಯ ವಾರ ನೋಡಿ ಹೇಳುತ್ತಾರೆ.

ಒಂಬತ್ತು ಗಿಡದ ಮೈ

ಬಾಳೆ ಸೊಸೆಯ ಶಾಸ್ತ್ರದ ಹೆಸರು ನವಪತ್ರಿಕೆ. ಒಂಬತ್ತು ಗಿಡಗಳನ್ನು ಬಿಳಿ ಶಂಖಪುಷ್ಪದ ಬಳ್ಳಿಯಿಂದ ಕಟ್ಟಿ ಮಾಡಿದ ಮೈ ಅವಳದು. ಒಂದೊಂದು ಗಿಡಕ್ಕೂ ಒಬ್ಬ ದೇವಿ.

ಬಾಳೆ ಬ್ರಹ್ಮಾಣಿ. ಕೆಸು ಕಾಲಿಕೆ. ಅರಿಶಿನದ ಗಿಡ ದುರ್ಗೆ. ಜಯಂತಿ ಗಿಡ ಕಾರ್ತಿಕೀ. ಬಿಲ್ವ ಶಿವಾ. ದಾಳಿಂಬೆ ರಕ್ತದಂತಿಕೆ. ಅಶೋಕ ಶೋಕರಹಿತೆ. ಅಗಲ ಎಲೆಯ ಮಾನಗೆಡ್ಡೆ ಚಾಮುಂಡಿ. ಭತ್ತ ಲಕ್ಷ್ಮಿ. ಬಿಲ್ವದ ಜೋಡಿ ಕಾಯಿಗಳೇ ಈ ತಾಯಿಯ ಎದೆ.

ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಇಲ್ಲಿ ತಾವರೆ, ಸಂಪಿಗೆಗಳಿಲ್ಲ. ಇರುವುದರಲ್ಲಿ ಹೆಚ್ಚಿನವು ಅಡುಗೆಮನೆಗೂ ಔಷಧಿಗೂ ಬರುವ ಗಿಡ. ಕೆಸು ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಬೆಳೆಯುತ್ತದೆ. ಅದು ಕಾಲಿಕೆ. ಮೈಸೂರಿನ ಬೆಟ್ಟದ ಮೇಲೆ ನಾವು ಕಾಣುವ ಚಾಮುಂಡಿ ಇಲ್ಲಿ ನೆಲದೊಳಗೆ ಗೆಡ್ಡೆ ಬಿಡುವ ಸಸ್ಯ. ದಾಳಿಂಬೆಗೆ ರಕ್ತದಂತಿಕೆಯನ್ನು ಇಟ್ಟವರ ಕಣ್ಣೂ ಸೂಕ್ಷ್ಮವಾದದ್ದು: ದೇವೀಮಾಹಾತ್ಮ್ಯೆಯಲ್ಲಿ ಆ ದೇವಿಯ ಹಲ್ಲುಗಳ ಕೆಂಪನ್ನು ದಾಳಿಂಬೆಯ ಹೂವಿಗೇ ಹೋಲಿಸಲಾಗಿದೆ.

ಬಂಗಾಳದ ವಿದ್ವಾಂಸ ಶಶಿಭೂಷಣ ದಾಸಗುಪ್ತ ನವಪತ್ರಿಕೆಯಲ್ಲಿ ಪೈರಿನ ದೇವತೆಯ ಆರಾಧನೆಯನ್ನು ಕಂಡರು. ಮಹಿಷನನ್ನು ಕೊಂದ ಪುರಾಣದ ದುರ್ಗೆಯ ಜತೆ ಬೆಳೆಯನ್ನು ಕಾಯುವ ತಾಯಿಯನ್ನೂ ಸೇರಿಸಿ ಪೂಜಿಸಿದ್ದರ ಗುರುತು ಇದು. ಆಶ್ವಯುಜದಲ್ಲಿ ಬಂಗಾಳದ ಗದ್ದೆಗಳಲ್ಲಿ ಭತ್ತ ಹಸಿರಾಗಿ ನಿಂತಿರುತ್ತದೆ, ಕೊಯ್ಲಿಗೆ ಇನ್ನೂ ವಾರಗಳಿವೆ. ರೈತನ ಜೀವ ಕೈಯಲ್ಲಿರುವ ಹೊತ್ತು. ಆಗ ಭತ್ತದ ಗಿಡವನ್ನೇ ದೇವಿಯ ಮೈಗೆ ಕಟ್ಟುವುದರಲ್ಲಿ ಅರ್ಥವಿದೆ.

ಈ ಮಾತು ಒಪ್ಪಿಕೊಳ್ಳಲು ಕನ್ನಡಿಗರಿಗೆ ಕಷ್ಟವಿಲ್ಲ. ಬರಗಾಲದಲ್ಲಿ ತನ್ನ ಮೈಯಿಂದಲೇ ಸೊಪ್ಪು ತರಕಾರಿ ಹುಟ್ಟಿಸಿ ಲೋಕ ಸಾಕುತ್ತೇನೆಂದು ದೇವೀಮಾಹಾತ್ಮ್ಯೆಯಲ್ಲಿ ಮಾತು ಕೊಡುವ ಶಾಕಂಬರಿಯೇ ಬಾದಾಮಿಯ ಬನಶಂಕರಿ. ಅವಳ ಜಾತ್ರೆಗೆ ಮುಂಚೆ ನೂರೆಂಟು ಬಗೆಯ ತರಕಾರಿಗಳ ನೈವೇದ್ಯದ ಪಲ್ಯೇದ ಹಬ್ಬ ಆಗಲೇಬೇಕು. ಗಂಗೆಯ ದಡದ ಬಾಳೆಗಿಡವೂ ಬನಶಂಕರಿಯ ಪಲ್ಯವೂ ಒಂದೇ ತಾಯಿಯದು.

ಕನ್ನಡಿಗೆ ಅಭಿಷೇಕ

ನವಪತ್ರಿಕೆ ಪೆಂಡಾಲು ಸೇರಿದ ಮೇಲೆ ಮೂರ್ತಿಗೆ ಮಹಾಸ್ನಾನ. ಇಲ್ಲೊಂದು ತೊಡಕು. ಮೂರ್ತಿ ಹಸಿಮಣ್ಣಿನದು, ಸುಟ್ಟದ್ದಲ್ಲ. ನೀರು ಹಾಕಿದರೆ ಕರಗುತ್ತದೆ. ಇದಕ್ಕೆ ಹಿರಿಯರು ಕಂಡುಕೊಂಡ ದಾರಿ ಕನ್ನಡಿ. ದೇವಿಯ ಎದುರು ಅಗಲವಾದ ಪಾತ್ರೆಯಲ್ಲಿ ಕನ್ನಡಿ ಇಟ್ಟು, ಅದರಲ್ಲಿ ಬಿದ್ದ ಅವಳ ಬಿಂಬಕ್ಕೆ ನೀರೆರೆಯುತ್ತಾರೆ.

ನೀರು ಒಂದೇ ಬಗೆಯದಲ್ಲ. ಗಂಗಾಜಲ, ಬಿಸಿನೀರು, ಶಂಖದ ನೀರು, ಸಮುದ್ರದ ನೀರು, ಎಳನೀರು, ಕಬ್ಬಿನ ಹಾಲು, ಇಬ್ಬನಿ. ಷಷ್ಠಿಯ ರಾತ್ರಿ ಇಬ್ಬನಿ ಕೂಡಿಸಿಡುವುದು ಯಾರೋ ಒಬ್ಬರ ಹೊಣೆ. ಕೊನೆಗೆ ಎಂಟು ಕಲಶಗಳ ಸ್ನಾನ. ಪೂಜೆಯ ಕೈಪಿಡಿಗಳು ಒಂದೊಂದು ಕಲಶಕ್ಕೂ ಒಂದು ರಾಗ ಗೊತ್ತುಮಾಡಿವೆ. ಮಾಲವ, ಲಲಿತ, ವಿಭಾಸ, ಭೈರವ, ಕೇದಾರ, ವಸಂತ ಹೀಗೆ. ಇಂದು ರಾಗದ ಹೆಸರು ಹೇಳಿ ಢಾಕ್ ಬಾರಿಸಿ ಮುಗಿಸುವುದೇ ಹೆಚ್ಚು. ಹಾಡುವವರು ಕೂತು ಎಂಟು ರಾಗ ಹಾಡಿದರೆ ಆ ಬೆಳಗು ಎಂಥದ್ದಾಗಬಹುದು! ಯಾವುದಾದರೂ ಸಮಿತಿ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಸ್ನಾನಕ್ಕೆ ಮಣ್ಣೂ ಬೇಕು. ಅರಮನೆಯ ಬಾಗಿಲ ಮಣ್ಣು, ನಾಲ್ಕು ದಾರಿ ಕೂಡುವಲ್ಲಿಯ ಮಣ್ಣು, ನದಿಯ ಎರಡೂ ದಡದ್ದು, ಹುತ್ತದ್ದು, ಆನೆಯ ದಂತ ತಿವಿದ ನೆಲದ್ದು, ವೇಶ್ಯೆಯ ಬಾಗಿಲಿನದು. ರಾಜನಿಂದ ಹಿಡಿದು ಯಾರನ್ನೂ ಬಿಡದೆ ಎಲ್ಲರ ಹೊಸ್ತಿಲಿನಿಂದಲೂ ದೇವಿ ತನ್ನ ಪಾಲು ಕೇಳುತ್ತಾಳೆ. ಕೊನೆಯ ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂರ್ತಿಗೂ ಈ ಮಣ್ಣು ಸೇರಿಸುವ ರೂಢಿಯಿರುವ ಕೋಲ್ಕತ್ತದಲ್ಲಿ, ಮಣ್ಣು ಬೇಕು, ನಾವು ಬೇಡವೇ ಎಂಬ ಪ್ರಶ್ನೆಯನ್ನು ಅಲ್ಲಿನ ವೇಶ್ಯೆಯರ ಕೇರಿ ಸೋನಾಗಾಛಿಯ ಹೆಣ್ಣುಮಕ್ಕಳು ಎತ್ತಿದರು. 2013ರಲ್ಲಿ ಹೈಕೋರ್ಟಿನ ಅನುಮತಿ ಪಡೆದು ತಾವೇ ದುರ್ಗಾಪೂಜೆ ಆರಂಭಿಸಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಹೊಸ್ತಿಲ ಮಣ್ಣನ್ನು ಪವಿತ್ರ ಎಂದವರು ಹೊಸ್ತಿಲಾಚೆಯ ಮನುಷ್ಯರನ್ನು ಕೀಳೆಂದು ಕಾಣಲಾಗದು.

◼ ವಿಷ್ಣುಪುರದಲ್ಲಿ ಫಿರಂಗಿ

ಹೆಚ್ಚಿನ ಕಡೆ ಷಷ್ಠಿಗೆ ಎದ್ದರೆ, ಬಾಂಕುಡಾ ಜಿಲ್ಲೆಯ ವಿಷ್ಣುಪುರದಲ್ಲಿ ದೇವಿ ಪಿತೃಪಕ್ಷದ ಕೃಷ್ಣ ನವಮಿಗೇ ಬರುತ್ತಾಳೆ. ಮಲ್ಲ ಅರಸರ ಮೃಣ್ಮಯೀ ದೇಗುಲ 997ರಲ್ಲಿ ಸ್ಥಾಪನೆಯಾಯಿತೆಂದು ಪ್ರತೀತಿ. ಇಲ್ಲಿ ಬರುವುದು ಬಟ್ಟೆಯ ಮೇಲೆ ಬರೆದ ಮೂರು ದೇವಿಯರ ಚಿತ್ರಪಟಗಳು: ಬಡೋ ಠಾಕುರಾಣಿ, ಮೇಜೋ ಠಾಕುರಾಣಿ, ಛೋಟೋ ಠಾಕುರಾಣಿ. ಹಿರಿಯಳು ನವಮಿಗೆ, ಉಳಿದಿಬ್ಬರು ಆಮೇಲೆ ಬೇರೆ ಬೇರೆ ದಿನ. ಕೆರೆಯಲ್ಲಿ ಸ್ನಾನ ಮಾಡಿಸಿ ಕರೆತರುವಾಗ ಊರಿಗೆ ತಿಳಿಯಲೆಂದು ಫಿರಂಗಿ ಹಾರಿಸುತ್ತಾರೆ.

ತವರಿಗೆ ಬಂದ ಮಗಳು

ಇಷ್ಟೆಲ್ಲ ಮಂತ್ರತಂತ್ರದ ಹಿಂದೆ ಬಂಗಾಳಿ ಮನೆಗಳಲ್ಲಿ ಇನ್ನೊಂದೇ ಭಾವ ಕೆಲಸ ಮಾಡುತ್ತಿರುತ್ತದೆ. ಬರುತ್ತಿರುವವಳು ಉಮೆ. ಹಿಮವಂತ ಮೇನಕೆಯರ ಮಗಳು. ವರ್ಷಕ್ಕೊಮ್ಮೆ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಕೈಲಾಸದಿಂದ ತವರಿಗೆ ಬರುತ್ತಾಳೆ, ದಶಮಿಗೆ ಹೊರಟುಬಿಡುತ್ತಾಳೆ.

ಅವಳು ಬರುವ ಮುಂಚೆ ಹಾಡುವ ಹಾಡುಗಳಿಗೆ ಆಗಮನಿ ಎಂದು ಹೆಸರು. ಹದಿನೆಂಟನೇ ಶತಮಾನದ ರಾಮಪ್ರಸಾದ್ ಸೇನ್, ಅವರ ನಂತರದ ಕಮಲಾಕಾಂತ ಭಟ್ಟಾಚಾರ್ಯ ಇವುಗಳಿಗೆ ಹೆಸರಾದವರು. ಹಾಡುಗಳಲ್ಲಿ ಮೇನಕೆ ಗಂಡನನ್ನು ಬಿಡದೆ ಪೀಡಿಸುತ್ತಾಳೆ. ಮಗಳು ಕನಸಿಗೆ ಬಂದಳು, ಅಳಿಯ ಸ್ಮಶಾನದಲ್ಲಿ ತಿರುಗುವವನು, ಹೋಗಿ ಕರೆತನ್ನಿ ಎಂದು ಗೋಳಾಡುತ್ತಾಳೆ. ಎಂಟೊಂಬತ್ತು ವರ್ಷಕ್ಕೇ ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸುತ್ತಿದ್ದ ಕಾಲ. ಮೇಲುಕುಲದ ವರನಿಗೇ ಹೆಣ್ಣು ಕೊಡಬೇಕೆನ್ನುವ ಕುಲೀನ ಪದ್ಧತಿಯ ಹೆಸರಿನಲ್ಲಿ ಮುದುಕರಿಗೂ ಕೊಡುತ್ತಿದ್ದ ಕಾಲ. ಹಾಡುತ್ತಿದ್ದುದು ದೇವಿಯ ತಾಯಿಯ ಸಂಕಟ, ಅಳುತ್ತಿದ್ದವರು ಆ ಊರಿನ ತಾಯಂದಿರೇ.

ನಮ್ಮ ಭಾದ್ರಪದದ ಗೌರಿಯೂ ತವರಿಗೇ ಬರುವವಳು. ತದಿಗೆಗೆ ಅವಳು, ಮಾರನೆಯ ದಿನ ಕರೆದೊಯ್ಯಲು ಮಗ ಗಣಪ. ಬಾಗಿನದ ಮೊರ ಹಿಡಿದು ಅಣ್ಣನೋ ತಮ್ಮನೋ ಬಾಗಿಲಿಗೆ ಬರುತ್ತಾನೆಂದು ಕಾದು ಕೂತ ಕನ್ನಡದ ಹೆಣ್ಣುಮಗಳಿಗೆ ಆಗಮನಿಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ತಿಥಿ ನಕ್ಷತ್ರಗಳಲ್ಲೂ ನಂಟಿದೆ. ನವಪತ್ರಿಕೆ ಪೆಂಡಾಲು ಹೊಗುವ ಸಪ್ತಮಿಗೆ ಮೂಲಾ ನಕ್ಷತ್ರ ಕೂಡಿದರೆ ಶ್ರೇಷ್ಠ ಎನ್ನುತ್ತದೆ ಬಂಗಾಳದ ಶಾಸ್ತ್ರ. ದಶಮಿಯ ವಿಸರ್ಜನೆಗೆ ಶ್ರವಣ. ನಮ್ಮ ಮನೆಗಳಲ್ಲಿ ಪುಸ್ತಕಗಳನ್ನು ಪೇರಿಸಿಟ್ಟು ಸರಸ್ವತಿಯನ್ನು ಆವಾಹನೆ ಮಾಡುವುದೂ ಮೂಲಾ ನಕ್ಷತ್ರದಲ್ಲೇ, ಕಳಿಸಿಕೊಡುವುದೂ ಶ್ರವಣದಲ್ಲೇ.

ಕರೆಯುವ ಮೊದಲೇ ನೋಡುವವರು

ದುರ್ಗಾಪೂಜೆ ಮೊದಲು ಜಮೀನ್ದಾರರ ಅಂಗಳದಲ್ಲಿತ್ತು. ಹದಿನೆಂಟನೇ ಶತಮಾನದಲ್ಲಿ ಗುಪ್ತಿಪಾಡಾ ಎಂಬ ಊರಿನ ಹನ್ನೆರಡು ಗೆಳೆಯರು ಚಂದಾ ಎತ್ತಿ ಊರಿನ ಪೂಜೆ ಮಾಡಿದರು. ಅಲ್ಲಿಂದ ಅದು ಬೀದಿಗೆ ಬಂತು. 1901ರಲ್ಲಿ ಸ್ವಾಮಿ ವಿವೇಕಾನಂದರು ಕೋಲ್ಕತ್ತದ ಬಳಿಯ ಬೇಲೂರು ಮಠದಲ್ಲಿ ಆರಂಭಿಸಿದ ಪೂಜೆಯ ಸಂಕಲ್ಪ ಶಾರದಾದೇವಿಯವರ ಹೆಸರಿನಲ್ಲಿ ನಡೆಯುತ್ತದೆ. 2021ರ ಡಿಸೆಂಬರಿನಲ್ಲಿ ಯುನೆಸ್ಕೊ ಕೋಲ್ಕತ್ತದ ದುರ್ಗಾಪೂಜೆಯನ್ನು ಮಾನವಕುಲದ ಅಮೂರ್ತ ಪರಂಪ‌ರೆಯ ಪಟ್ಟಿಗೆ ಸೇರಿಸಿತು. ಹೆಮ್ಮೆಯ ವಿಷಯವೇ.

ಈ ಹಿರಿಮೆಯ ಬೆನ್ನಿಗೇ ಒಂದು ಅವಸರವೂ ಬಂದಿದೆ. ಜನಸಂದಣಿ ಹಂಚಿಹೋಗಲೆಂದು, ಉದ್ಘಾಟಕರ ಸಮಯ ಹೊಂದಲೆಂದು ಹಲವು ಪೆಂಡಾಲುಗಳು ಮಹಾಲಯದ ಆಸುಪಾಸಿನಲ್ಲೇ ತೆರೆದುಕೊಳ್ಳುತ್ತಿವೆ. ಷಷ್ಠಿ ಬರುವ ಹೊತ್ತಿಗೆ ಲಕ್ಷಾಂತರ ಜನ ನೋಡಿ ಮುಗಿಸಿರುತ್ತಾರೆ. ಬೋಧನದವರೆಗೂ ದೇವಿಯ ಮುಖಕ್ಕೆ ಮರೆ ಇಡುತ್ತಿದ್ದ ಊರು ಇದು. 2020ರಲ್ಲಿ ಅಧಿಕಮಾಸ ನಡುವೆ ಬಂದು, ಸೆಪ್ಟೆಂಬರ್ 17ರ ಮಹಾಲಯಕ್ಕೂ ಅಕ್ಟೋಬರ್ 22ರ ಷಷ್ಠಿಗೂ 35 ದಿನ ಅಂತರವಾಯಿತು. ರೇಡಿಯೊದಲ್ಲಿ ಚಂಡೀಪಾಠ ಕೇಳಿದ ಜನ ತಿಂಗಳಿಗೂ ಮೀರಿ ಕಾದರು. ಕಾಯುವುದು ಅವರಿಗೆ ಗೊತ್ತಿದೆ.

ಎಬ್ಬಿಸದೆ, ಕರೆಯದೆ, ಸ್ನಾನ ಮಾಡಿಸದೆ ನೋಡಲು ನುಗ್ಗುವುದು ಮನೆಗೆ ಬಂದವರ ವಿಷಯದಲ್ಲೂ ಸರಿಯಲ್ಲ. ದೇವಿಯ ವಿಷಯದಲ್ಲಂತೂ ಅಲ್ಲವೇ ಅಲ್ಲ. ಕಲೆ ನೋಡುವುದಕ್ಕೆ ಅಷ್ಟಮಿ ನವಮಿಗಳಿವೆ.

ಇದನ್ನೆಲ್ಲ ನೋಡಲು ಕೋಲ್ಕತ್ತಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಬಂಗಾಳಿಗಳು ಹಲವು ಬಡಾವಣೆಗಳಲ್ಲಿ ದುರ್ಗಾಪೂಜೆ ನಡೆಸುತ್ತಾರೆ. ಬಂಗಾಳದ ಕುಶಲಿಗಳು ಇಲ್ಲೇ ಬೀಡುಬಿಟ್ಟು ಮೂರ್ತಿ ಮಾಡುತ್ತಾರೆ. ನಾವು ಹೋಗುವುದು ಸಾಮಾನ್ಯವಾಗಿ ಅಷ್ಟಮಿಯ ರಾತ್ರಿ, ತಿಂಡಿಯ ಮಳಿಗೆಗಳ ಎದುರಿನ ನೂಕುನುಗ್ಗಲಿನಲ್ಲಿ. ಈ ಸಲ ಪಂಚಾಂಗದಲ್ಲಿ ಆಶ್ವಯುಜ ಶುದ್ಧ ಷಷ್ಠಿಯನ್ನು ಗುರುತು ಹಾಕಿಕೊಳ್ಳಿ. ಸಂಜೆಗೇ ಹೋಗಿ. ದೊಡ್ಡ ವೇದಿಕೆಯತ್ತ ಹೋಗದೆ ಬಿಲ್ವದ ಕೊಂಬೆ ಎಲ್ಲಿ ನೆಟ್ಟಿದ್ದಾರೆ ಎಂದು ಕೇಳಿ, ಅದರ ಹತ್ತಿರ ನಿಲ್ಲಿ. ಸಪ್ತಮಿಯ ಬೆಳಗ್ಗೆ ಎಷ್ಟು ಗಂಟೆಗೆ ಬಾಳೆಗಿಡದ ಸ್ನಾನ ಎಂದು ಪುರೋಹಿತರನ್ನು ವಿಚಾರಿಸಿ. ಮಕ್ಕಳನ್ನೂ ಎಬ್ಬಿಸಿ ಕರೆದೊಯ್ಯಿರಿ. ಒಂಬತ್ತು ಗಿಡಗಳಲ್ಲಿ ಎಷ್ಟನ್ನು ಹೆಸರಿಟ್ಟು ಗುರುತಿಸುತ್ತಾರೆ, ಅವರಿಂದಲೇ ಹೇಳಿಸಿ.